ಕನ್ಸೋಲ್ ಪೆಟ್ಟಿಗೆ ಹಿಂದಿನ ದಿನವೇ ತೆರೆಯಬೇಕು: ನನ್ನ ಅನುಭವ

ಉಡುಗೊರೆಗೆ ತಂದ ಹೊಸ ಗೇಮ್ ಕನ್ಸೋಲ್ (ಟಿವಿಗೆ ಜೋಡಿಸಿ ಆಟ ಆಡುವ ಯಂತ್ರ) ಪೆಟ್ಟಿಗೆಯನ್ನು ಹುಟ್ಟುಹಬ್ಬದ ದಿನ ತೆರೆಯಬಾರದು. ಹಿಂದಿನ ದಿನ ತೆರೆಯಬೇಕು. ಯಾರಿಗೆ ಅಂತ ತಂದಿದ್ದಾರೋ ಅವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಎಲ್ಲ ಕೂಡಿಸಿ, ಅಪ್‌ಡೇಟ್ ಮುಗಿಸಿ, ಒಂದೆರಡು ಗೇಮ್ ತುಂಬಿಸಿ, ಮತ್ತೆ ಪ್ಯಾಕ್ ಮಾಡಿ ಇಡಬೇಕು. ಹೊಸಬರು ಕಂಟ್ರೋಲರ್ (ಆಟ ಆಡಲು ಹಿಡಿಯುವ ಬಟನ್‌ಗಳ ಸಾಧನ) ಕೈಗೆ ತೆಗೆದುಕೊಂಡ ಮೇಲೆ ಐದು ನಿಮಿಷದೊಳಗೆ ಆಟ ಶುರುವಾಗಬೇಕು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಟಿವಿ, ಸೌಂಡ್‌ಬಾರ್, ಕನ್ಸೋಲ್ ಫಿಟಿಂಗ್ ಮಾಡಿಕೊಂಡು ನಾನು ಕಂಡುಕೊಂಡದ್ದು ಇದು.

ಇದನ್ನು ಮೊದಲು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಗಿರಾಕಿಗಳು, 'ಸೀಲ್ ಒಡೆದ ಮೇಲೆ ಮಗುವಿಗೆ ಮಜಾ ಏನು ಉಳಿಯಿತು?' ಅಂದರು. ನನ್ನ ಜೊತೆ ಸಿಸಿಟಿವಿ ಕೆಲಸ ಮಾಡುವ ಗೆಳೆಯ, 'ಇಪ್ಪತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಯಾಕೆ ಕೊಡ್ತೀಯ, ಯಾರು ದುಡ್ಡು ಕೊಡ್ತಾರೆ?' ಅಂತ ಕೇಳಿದ. ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡಿನ ಒಬ್ಬ ಅಂಗಡಿಯವನಂತೂ ವಾರಂಟಿ ಹೋಗುತ್ತದೆ ಅಂತ ಹೆದರಿಸಿದ. ವಾರಂಟಿ ನಡೆಯುವುದು ಬಿಲ್ ಮತ್ತು ಸೀರಿಯಲ್ ನಂಬರ್ ಮೇಲೆ. ಹೊರಗಿನ ಅಂಟು ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಈಗ ದೀಪಾವಳಿ ಮತ್ತು ಮೇ ರಜೆಯಲ್ಲಿ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಹಿಂದಿನ ದಿನದ ಕೆಲಸವೇ. ಆ ಗೆಳೆಯನೇ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾನೆ.

ಈ ಕೆಲಸ ಮಾಡುವವರಿಗೇ ಬರೆಯುತ್ತಿದ್ದೇನೆ. ಕನ್ಸೋಲ್‌ನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್ ಎಲ್ಲಿ ಚುಚ್ಚಬೇಕು, ವೈಫೈ ಪಾಸ್‌ವರ್ಡ್ ಎಲ್ಲಿ ಹಾಕಬೇಕು ಅನ್ನುವುದೆಲ್ಲ ನಿಮಗೆ ಗೊತ್ತು.

ಹಳೇ ಪದ್ಧತಿಯಲ್ಲಿ ಏನಾಗುತ್ತಿತ್ತು ಅಂತ ಹೇಳುತ್ತೇನೆ. ಸೋನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5, ನಮ್ಮಲ್ಲಿ 2021ರ ಫೆಬ್ರವರಿ 2ರಂದು ಬಂತು. ಆಗ ಡಿಸ್ಕ್ ಹಾಕುವಂಥದ್ದು 49,990, ಡಿಸ್ಕ್ ಇಲ್ಲದ ಡಿಜಿಟಲ್ 39,990 ರೂಪಾಯಿ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅದಕ್ಕೂ ಮುಂಚೆ, 2020ರ ನವೆಂಬರ್‌ನಲ್ಲಿ, 34,990ಕ್ಕೆ ಬಂದಿತ್ತು. ಆಮೇಲಿನ ಒಂದೆರಡು ವರ್ಷ ಕೆಲಸ ಚೆನ್ನಾಗಿಯೇ ಸಿಕ್ಕಿತು. ಆದರೆ ಎಲ್ಲರೂ ಕರೆಯುತ್ತಿದ್ದುದು ಪಾರ್ಟಿಯ ಸಂಜೆ. ಕೇಕ್ ಕತ್ತರಿಸುವ ಹೊತ್ತಿಗೆ ನಾನು ಟಿವಿ ಹಿಂದೆ ಕೈ ಹಾಕಿಕೊಂಡು ಕೂತಿರುತ್ತಿದ್ದೆ. ಸಿಸ್ಟಮ್ ಅಪ್‌ಡೇಟ್ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ. ಅದು ಮುಗಿದ ಮೇಲೆ ಕಂಟ್ರೋಲರ್ ಅಪ್‌ಡೇಟ್. ಆಮೇಲೆ ಅಕೌಂಟ್. ಅಪ್ಪನ ಹಳೇ ಇಮೇಲ್‌ಗೆ ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಬರುವ ಫೋನ್ ಅಮ್ಮನ ಹತ್ತಿರ, ಅಮ್ಮ ಇನ್ನೂ ಫೋರ್ಟ್‌ನಿಂದ ಬರುವ ಲೋಕಲ್‌ನಲ್ಲಿ. ಅದೂ ಆಯಿತು ಅಂದರೆ ಡಿಸ್ಕ್ ಹಾಕಬೇಕು. ಡಿಸ್ಕ್ ಹಾಕಿದ ಕೂಡಲೇ ಆಟ ಶುರುವಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಮೊದಲು ಒಳಗೆ ಕಾಪಿ ಆಗಬೇಕು, ಮೇಲಿಂದ ಪ್ಯಾಚ್, ಅಂದರೆ ಆ ಗೇಮ್‌ನ ಅಪ್‌ಡೇಟ್, ನೆಟ್‌ನಿಂದ ಇಳಿಯಬೇಕು.

ಠಾಕುರ್ಲಿಯ ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ಬ್ರಾಡ್‌ಬ್ಯಾಂಡ್ ಇನ್ನೂ ಬಂದಿರಲಿಲ್ಲ. ದಿನಕ್ಕೆ ಎರಡು ಜಿಬಿಯ ಫೋನ್ ಪ್ಲ್ಯಾನ್‌ನಲ್ಲಿ ಹಾಟ್‌ಸ್ಪಾಟ್. ಅಪ್‌ಡೇಟ್ ಮುಗಿದು ಕ್ರಿಕೆಟ್ ಗೇಮ್‌ನ ಪ್ಯಾಚ್ ಶುರುವಾಯಿತು, ಅಷ್ಟರಲ್ಲಿ ಡೇಟಾ ಖಾಲಿ. ಚಿಕ್ಕಪ್ಪನ ಫೋನ್, ಅತ್ತೆಯ ಫೋನ್, ಪಕ್ಕದ ಮನೆಯವರ ಫೋನ್ ಅಂತ ಒಂದೊಂದೇ ಹಚ್ಚಿದೆವು. ಸುಮಾರು ಹನ್ನೊಂದು ಗಂಟೆಗೆ ಹುಡುಗ ಸೋಫಾ ಮೇಲೆ ನಿದ್ದೆ ಹೋದ. ಅವನ ಅಪ್ಪ ನನ್ನ ಕೈಗೆ ಕವರ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಕಲ್ಯಾಣದಲ್ಲಿ ಇನ್ನೊಂದು ಮನೆ: ಸೀರೀಸ್ ಎಸ್ ತಂದಿದ್ದಾರೆ, ಮಾವ ಉಡುಗೊರೆಯಾಗಿ ಮೂರು ಡಿಸ್ಕ್ ತಂದಿದ್ದಾರೆ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆರೇಳು ಸಾವಿರದ ಡಿಸ್ಕ್ ಸುಮ್ನೆ ಕಪಾಟು ಸೇರಿತು. ಅಂಗಡಿಯವರು ಬಿಚ್ಚಿದ ಡಿಸ್ಕ್ ವಾಪಸ್ ತೆಗೆದುಕೊಳ್ಳಲಿಲ್ಲ.

ಆವಾಗ ನಾನು ಮಾಡಿದ ಮೊದಲ ಬದಲಾವಣೆ, ಪಾರ್ಟಿ ದಿನ ಬೆಳಿಗ್ಗೆಯೇ ಹೋಗುವುದು. ಅದೂ ಸಾಲಲಿಲ್ಲ. ಮಗು ಎದುರಿಗೇ ಇರುತ್ತದೆ, ನೂರು ಸಲ 'ಆಯ್ತಾ ಅಂಕಲ್' ಅಂತ ಕೇಳುತ್ತದೆ, ಅವಸರದಲ್ಲಿ ಅಕೌಂಟ್ ತಪ್ಪಾಗಿ ತೆರೆಯುತ್ತದೆ. ಮಗುವಿನ ಹುಟ್ಟಿದ ತಾರೀಖು ಹಾಕುವ ಬದಲು ಅಪ್ಪ ತಮ್ಮದನ್ನೇ ಹಾಕಿಬಿಡುತ್ತಾರೆ. ಆಮೇಲೆ ಪೇರೆಂಟಲ್ ಕಂಟ್ರೋಲ್ (ಮಕ್ಕಳ ಆಟಕ್ಕೆ ಹಾಕುವ ಮಿತಿ) ಒಂದೂ ಹಿಡಿಯುವುದಿಲ್ಲ. ಅಂಗಡಿಯಲ್ಲೇ ಕೂಡಿಸಿ ಕೊಡಿಸುವ ಪ್ರಯತ್ನವೂ ಆಯಿತು. ಮನೆಯ ವೈಫೈ ಬೇರೆ, ಮನೆಯ ಟಿವಿ ಬೇರೆ, ಹಾಗಾಗಿ ಮತ್ತೆ ಅರ್ಧ ಕೆಲಸ ಅಲ್ಲೇ ಉಳಿಯಿತು. ಕೊನೆಗೆ ನಿಂತದ್ದು ಹಿಂದಿನ ದಿನ, ಅದೇ ಮನೆ, ಅದೇ ಟಿವಿ, ಮಗು ಸ್ಕೂಲಲ್ಲಿ.

ಈಗ ನನ್ನ ಕೆಲಸ ಮನೆಗೆ ಹೋಗುವ ಮುಂಚೆಯೇ ಶುರುವಾಗುತ್ತದೆ. ಎರಡು ದಿನ ಮೊದಲು ರಾತ್ರಿ ಊಟದ ಮೇಲೆ ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡುತ್ತೇನೆ. ಅಕೌಂಟ್ ಫೋನ್‌ನಲ್ಲೇ ತೆರೆಸುತ್ತೇನೆ, ಕನ್ಸೋಲ್‌ನಲ್ಲಿ ಅಲ್ಲ. ದಿನಾ ನೋಡುವ ಇಮೇಲ್ ಇರಬೇಕು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕನ್ಸೋಲ್ ಬಿಲ್ ಜೊತೆ ಸ್ಟೇಪಲ್ ಮಾಡಲು ಹೇಳುತ್ತೇನೆ. ದೇಶ ಭಾರತ ಅಂತಲೇ ಇರಬೇಕು. ಪ್ಲೇಸ್ಟೇಷನ್ ಅಕೌಂಟ್‌ನಲ್ಲಿ ದೇಶವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ನಮ್ಮ ಕರಾವಳಿ ಕಡೆಯಿಂದ ಬಂದು ಇಲ್ಲಿ ಇರುವವರ ಮನೆಗಳಲ್ಲಿ ಈ ತೊಂದರೆ ಜಾಸ್ತಿ. ದುಬೈನಲ್ಲಿರುವ ಅಣ್ಣ ಕನ್ಸೋಲ್ ತರುತ್ತಾರೆ, ಅಲ್ಲೇ ಪ್ರೀತಿಯಿಂದ ಅಕೌಂಟ್ ಕೂಡ ತೆರೆದು ಗೇಮ್ ಕೊಂಡಿರುತ್ತಾರೆ. ಇಲ್ಲಿ ಕೊಂಡ ವಾಲೆಟ್ ಕೋಡ್ (ಅಕೌಂಟ್‌ಗೆ ಮುಂಗಡ ದುಡ್ಡು ತುಂಬುವ ಕೋಡ್) ಆ ಅಕೌಂಟ್‌ಗೆ ಹತ್ತುವುದಿಲ್ಲ. ನೆರೂಲ್‌ನ ಒಂದು ಮನೆಯಲ್ಲಿ ಹಾಗೇ ಆಗಿ ಭಾರತದ ಹೊಸ ಅಕೌಂಟ್ ತೆರೆಯಬೇಕಾಯಿತು. ಐದಾರು ಸಾವಿರದ ಗೇಮ್ ಹಳೇ ಅಕೌಂಟ್‌ನಲ್ಲೇ ಉಳಿಯಿತು. ಅದನ್ನೂ ಅದೇ ಕನ್ಸೋಲ್‌ನಲ್ಲಿ ಇನ್ನೊಬ್ಬ ಯೂಸರ್ ಆಗಿ ಇಟ್ಟುಕೊಟ್ಟೆ, ಆಟಕ್ಕೆ ತೊಂದರೆ ಇಲ್ಲ. ಡಿಸ್ಕ್ ಯಾವ ದೇಶದ್ದಾದರೂ ಓಡುತ್ತದೆ. ಆದರೆ ಆ ಗೇಮ್‌ಗೆ ಮೇಲಿಂದ ಕೊಳ್ಳುವ ಹೆಚ್ಚುವರಿ ಭಾಗ ಡಿಸ್ಕ್‌ನ ಪ್ರದೇಶಕ್ಕೆ ಹೊಂದಬೇಕು. ದುಬೈ ಕನ್ಸೋಲ್‌ನ ಮೂರು ಚೌಕ ಪಿನ್‌ನ ಪ್ಲಗ್‌ಗೆ ಅಡಾಪ್ಟರ್ ಹಾಕಬೇಡಿ, ಅದು ಸಡಿಲಾಗಿ ಕಿಡಿ ಹಾರುತ್ತದೆ. ಪಿಎಸ್5ಗೂ ಸೀರೀಸ್ ಎಸ್‌ಗೂ ಹಳೇ ಟೇಪ್ ರೆಕಾರ್ಡರ್‌ನ ಎಂಟರ ಆಕಾರದ ವೈರೇ ಸಾಕು. ನೂರು ರೂಪಾಯಿಗೆ ಒಳ್ಳೆಯದು ಸಿಗುತ್ತದೆ.

ದೊಡ್ಡವರ ಅಕೌಂಟ್ ಆದ ಮೇಲೆ ಅದರ ಕೆಳಗೆ ಮಗುವಿನ ಅಕೌಂಟ್. ಗೇಮ್ ಕೊಳ್ಳುವುದು ದೊಡ್ಡವರ ಅಕೌಂಟ್‌ನಲ್ಲಿ, ಆಡುವುದು ಮಗುವಿನ ಅಕೌಂಟ್‌ನಲ್ಲಿ. ಇದಕ್ಕೆ ಪಿಎಸ್5ನಲ್ಲಿ 'ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ' ಆನ್ ಇರಬೇಕು, ಎಕ್ಸ್‌ಬಾಕ್ಸ್ ಆದರೆ ಆ ಯಂತ್ರವನ್ನು ದೊಡ್ಡವರ ಅಕೌಂಟ್‌ನ 'ಹೋಮ್ ಎಕ್ಸ್‌ಬಾಕ್ಸ್' ಮಾಡಬೇಕು. ಇದು ನಿಮಗೆ ಗೊತ್ತಿರುತ್ತದೆ. ಆದರೂ ಸೆಕೆಂಡ್‌ಹ್ಯಾಂಡ್ ಕನ್ಸೋಲ್ ಕೊಟ್ಟು ಹೋದವರು ಇದನ್ನು ತಮ್ಮ ಅಕೌಂಟ್‌ನಲ್ಲಿ ಹಾಗೇ ಬಿಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸೆಕೆಂಡ್‌ಹ್ಯಾಂಡ್ ಬಂದರೆ ಮೊದಲು ಪೂರ್ತಿ ರೀಸೆಟ್, ಆಮೇಲೆ ಮಾತು.

ಕಾರ್ಡ್ ಎಲ್ಲಿಯೂ ಸೇವ್ ಮಾಡಿಸುವುದಿಲ್ಲ. ವಾಲೆಟ್ ಕೋಡ್ ಹಾಕಿಸುತ್ತೇನೆ, ಖಾಲಿಯಾದರೆ ಖಾಲಿ. ಮಗುವಿನ ಅಕೌಂಟ್‌ನ ಖರ್ಚಿನ ಮಿತಿ ಹೇಗೂ ಸೊನ್ನೆಯಿಂದಲೇ ಶುರುವಾಗುತ್ತದೆ, ಅದನ್ನು ಮುಟ್ಟುವುದಿಲ್ಲ. ದೊಡ್ಡವರ ಅಕೌಂಟ್‌ನಲ್ಲಿ ಕೊಳ್ಳುವಾಗ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡುತ್ತೇನೆ.

ಈಗ ಹಿಂದಿನ ದಿನದ ಕೆಲಸ. ನನ್ನ ಬ್ಯಾಗಿನಲ್ಲಿ ಪೆನ್‌ಡ್ರೈವ್ ಒಂದು, ಪೋರ್ಟಬಲ್ ಎಸ್‌ಎಸ್‌ಡಿ (ಗೇಮ್ ತುಂಬಿಡುವ ವೇಗದ ಡ್ರೈವ್) ಎರಡು, ರೂಟರ್‌ನಿಂದ ಕನ್ಸೋಲ್‌ಗೆ ನೆಟ್ ಎಳೆಯುವ ಚಪ್ಪಟೆ ಲ್ಯಾನ್ ಕೇಬಲ್ ಹದಿನೈದು ಮೀಟರ್, ನನ್ನದೇ ಒಂದು ಒಳ್ಳೆ ಎಚ್‌ಡಿಎಂಐ, ಎಎ ಸೆಲ್ ನಾಲ್ಕು. ಪೆನ್‌ಡ್ರೈವ್‌ನಲ್ಲಿ ಪಿಎಸ್5ನ ಹೊಸ ಸಿಸ್ಟಮ್ ಫೈಲ್. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32, ಫೋಲ್ಡರ್ ಮತ್ತು ಫೈಲ್ ಹೆಸರು ಇಂಗ್ಲಿಷ್ ದೊಡ್ಡಕ್ಷರ, ಅಷ್ಟೇ. ಮೊದಲ ಸೆಟಪ್‌ನಲ್ಲಿ ನೆಟ್ ಬಿಟ್ಟು ಮುಂದೆ ಹೋಗಿ ಪೆನ್‌ಡ್ರೈವ್‌ನಿಂದಲೇ ಅಪ್‌ಡೇಟ್ ಮಾಡಿದರೆ ಹತ್ತು ಹದಿನೈದು ನಿಮಿಷ. ಒಂದು ವಿಷಯ: 2024ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಂದ ಪಿಎಸ್5 ಸ್ಲಿಮ್ ಮಾಡೆಲ್‌ನಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂಥದ್ದು. ಅದನ್ನು ಕನ್ಸೋಲ್‌ಗೆ ಜೋಡಿಸುವಾಗ ಒಂದು ಸಲ ನೆಟ್ ಬೇಕೇ ಬೇಕು. ಎಕ್ಸ್‌ಬಾಕ್ಸ್‌ಗೂ ಮೊದಲ ಸಲ ನೆಟ್ ಇಲ್ಲದೆ ಆಗುವುದಿಲ್ಲ. ಅದರ ಆಫ್‌ಲೈನ್ ಅಪ್‌ಡೇಟ್ ಫೈಲ್ ತುಂಬ ದೊಡ್ಡದು, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಬೇಕು. ನಾನು ಒಂದೆರಡು ಸಲ ಮಾಡಿ ನೋಡಿ ಬಿಟ್ಟೆ, ಲ್ಯಾನ್ ಕೇಬಲ್ ಹಾಕುವುದೇ ಬೇಗ.

ಲ್ಯಾನ್ ಕೇಬಲ್‌ನ ಮೇಲೆ ನನಗೆ ಬಹಳ ನಂಬಿಕೆ. ನಮ್ಮ ಕಡೆ ರೂಟರ್ ಬಾಗಿಲ ಮೇಲೆ ಮೂಲೆಯಲ್ಲಿ ಇರುತ್ತದೆ, ಟಿವಿ ಹಾಲ್‌ನ ಆ ಕಡೆ ಗೋಡೆಗೆ. ನಡುವೆ ಕಾಂಕ್ರೀಟ್ ಕಂಬ. 100 ಎಂಬಿಪಿಎಸ್ ಲೈನ್‌ನಲ್ಲಿ ವೈಫೈ ಮೇಲೆ ಇಪ್ಪತ್ತು, ಮೂವತ್ತು ಬಂದರೆ ಹೆಚ್ಚು. ಕೇಬಲ್ ಹಾಕಿದರೆ ತೊಂಬತ್ತರ ಮೇಲೆ ಬರುತ್ತದೆ. ಕೆಲಸ ಮುಗಿಸಿ ಕೇಬಲ್ ಸುತ್ತಿಕೊಂಡು ಬರುತ್ತೇನೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಮುನ್ನೂರು ರೂಪಾಯಿ ಚಿಲ್ಲರೆಗೆ ತಂದದ್ದು, ಇನ್ನೂ ಓಡುತ್ತಿದೆ.

ಎಸ್‌ಎಸ್‌ಡಿ ನನ್ನ ಕೆಲಸವನ್ನೇ ಬದಲಾಯಿಸಿತು. ಒಂದು ಟಿಬಿಯದು, ಆರೂವರೆ ಸಾವಿರದ ಆಸುಪಾಸು ಬಿತ್ತು. ಎರಡು ತೆಗೆದುಕೊಂಡೆ, ಯಾಕೆಂದರೆ ಪಿಎಸ್5 ಮಾಡಿದ ಫಾರ್ಮ್ಯಾಟ್ ಎಕ್ಸ್‌ಬಾಕ್ಸ್‌ಗೆ ಬರುವುದಿಲ್ಲ, ಅದರದ್ದು ಇದಕ್ಕೆ ಬರುವುದಿಲ್ಲ. ಮನೆಯಲ್ಲಿ ನನ್ನ ಕನ್ಸೋಲ್‌ನಲ್ಲಿ ಪುಕ್ಕಟೆ ಗೇಮ್‌ಗಳನ್ನು ಇಳಿಸಿ, ರಾತ್ರಿ ಅಪ್‌ಡೇಟ್ ಮಾಡಿ ಎಸ್‌ಎಸ್‌ಡಿಗೆ ಹಾಕಿಟ್ಟಿರುತ್ತೇನೆ. ಗಿರಾಕಿ ಮನೆಯಲ್ಲಿ ಚುಚ್ಚಿ, ಅವರ ಅಕೌಂಟ್‌ನಲ್ಲಿ ಸ್ಟೋರ್‌ನಿಂದ ಅದೇ ಪುಕ್ಕಟೆ ಗೇಮ್ ಲೈಬ್ರರಿಗೆ ಸೇರಿಸಿ, ಒಳಗೆ ಕಾಪಿ ಮಾಡಿದರೆ ಮುಗಿಯಿತು. ಮೂವತ್ತು ಜಿಬಿಯ ಗೇಮ್ ಐದಾರು ನಿಮಿಷ. ಅದೇ ಗೇಮ್ ಅವರ ವೈಫೈ ಮೇಲೆ ಮೂರು ಗಂಟೆ ತಿನ್ನುತ್ತಿತ್ತು. ಮೊದಲ ಮಾಡೆಲ್ ಪಿಎಸ್5ನಲ್ಲಿ ಮುಂದಿನ ಅಗಲ ಯುಎಸ್‌ಬಿ ಪೋರ್ಟ್ ನಿಧಾನದ್ದು, ಅಲ್ಲಿ ಈ ಎಸ್‌ಎಸ್‌ಡಿ ಹಿಡಿಯುವುದೇ ಇಲ್ಲ. ಹಿಂದಿನ ಪೋರ್ಟ್‌ಗೆ ಹಾಕಬೇಕು. ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಮೂಲಕ ಹಾಕಿದರೂ ನಡೆಯುವುದಿಲ್ಲ. ಕಾಸು ಕೊಟ್ಟು ಕೊಂಡ ಗೇಮ್‌ಗೂ ಇದೇ ದಾರಿ, ಗಿರಾಕಿ ತಮ್ಮ ಅಕೌಂಟ್‌ನಲ್ಲಿ ಕೊಂಡಿರಬೇಕು ಅಷ್ಟೇ.

ಯಾವ ಯಾವ ಗೇಮ್ ಒಯ್ಯುತ್ತೇನೆ, ಯಾವುದನ್ನು ಮೊದಲು ತೋರಿಸುತ್ತೇನೆ ಅನ್ನುವ ಪಟ್ಟಿ ಇಲ್ಲಿ ಕೊಡುವುದಿಲ್ಲ. ಅದನ್ನು ಬಹಳ ಮನೆ ನೋಡಿ ಮಾಡಿಕೊಂಡಿದ್ದೇನೆ. ಪೆಟ್ಟಿಗೆಯನ್ನು ಮತ್ತೆ ಹೊಸದರ ಹಾಗೆ ಮುಚ್ಚುವ ರೀತಿಯನ್ನೂ ಹೇಳುವುದಿಲ್ಲ. ಅಪ್ಪ ಅಮ್ಮನೇ ನೋಡಿ, 'ಇದು ತೆರೆದದ್ದೇನಾ?' ಅಂತ ಕೇಳುತ್ತಾರೆ.

ಟಿವಿ ವಿಷಯಕ್ಕೆ ಬರುತ್ತೇನೆ. ಸಮಯ ಜಾಸ್ತಿ ಹೋಗುವುದು ಅಲ್ಲೇ. ಮೊದಲ ಎಚ್‌ಡಿಎಂಐನಲ್ಲಿ ಸೆಟ್‌ಟಾಪ್ ಬಾಕ್ಸ್ ಇರುತ್ತದೆ, ಯಾರೂ ಅದನ್ನು ಮುಟ್ಟಲು ಬಿಡುವುದಿಲ್ಲ. ಎರಡನೆಯದರಲ್ಲಿ ಸೌಂಡ್‌ಬಾರ್. ಉಳಿದದ್ದು ಮೂರನೆಯದು. ಕೆಲವು 43 ಇಂಚಿನ ಟಿವಿಗಳಲ್ಲಿ ಪೂರ್ತಿ 4ಕೆ 60 (4ಕೆ ಸ್ಪಷ್ಟತೆಯಲ್ಲಿ ಸೆಕೆಂಡಿಗೆ 60 ಚಿತ್ರ) ಕೊಡುವುದು ಒಂದೆರಡು ಪೋರ್ಟ್ ಮಾತ್ರ. ಅದೂ ಮೆನುವಿನಲ್ಲಿ 'ಎನ್‌ಹ್ಯಾನ್ಸ್ಡ್' ಅಂತಲೋ 'ಡೀಪ್ ಕಲರ್' ಅಂತಲೋ ಇರುವುದನ್ನು ಆನ್ ಮಾಡಿದ ಮೇಲೆ. ಭಾಂಡುಪ್‌ನ ಒಂದು ಮನೆಯಲ್ಲಿ ಹೋಟೆಲ್ ಮಾಲೀಕರೊಬ್ಬರು ಹೊಸ ಟಿವಿ, ಹೊಸ ಪಿಎಸ್5 ಎರಡೂ ತಂದಿದ್ದರು. ಚಿತ್ರ ಬರುತ್ತದೆ, ಎರಡು ಸೆಕೆಂಡ್ ಕಪ್ಪಾಗುತ್ತದೆ, ಮತ್ತೆ ಬರುತ್ತದೆ. ಅಂಗಡಿಯವರು ಕನ್ಸೋಲ್ ಕೆಟ್ಟಿದೆ, ಬಿಟ್ಟುಹೋಗಿ ಅಂದಿದ್ದರು. ನೋಡಿದರೆ ಟಿವಿ ಫಿಟ್ ಮಾಡಿದವರು ಗೋಡೆಯೊಳಗೆ ಹಳೇ ಎಚ್‌ಡಿಎಂಐ ಎಳೆದಿದ್ದರು. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಬಳಸದೆ ಇಟ್ಟಿತ್ತು. ಅದನ್ನು ನೇರ ಹಾಕಿದೆ, ಆಯಿತು. ಪೂರ್ತಿ ಕಪ್ಪಾದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ: ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿದು ಎರಡನೇ ಬೀಪ್ ಬರುವವರೆಗೆ, ಸುಮಾರು ಏಳು ಸೆಕೆಂಡ್; ತೊಂದರೆ ಸರಿಪಡಿಸಲು ಇರುವ ಸೇಫ್ ಮೋಡ್ ತೆರೆಯುತ್ತದೆ. ಅಲ್ಲಿ ರೆಸಲ್ಯೂಷನ್ ಇಳಿಸಬಹುದು. ಸೇಫ್ ಮೋಡ್‌ನಲ್ಲಿ ಕಂಟ್ರೋಲರ್ ಕೇಬಲ್‌ನಲ್ಲೇ ಇರಬೇಕು. ಆ ಕೇಬಲ್ ಕೂಡ ಪೆಟ್ಟಿಗೆಯದ್ದೇ ಆಗಿರಲಿ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ಹಾಕಿ, ಜೋಡಿ ಆಗ್ತಾ ಇಲ್ಲ ಅಂತ ಕರೆಯುವವರು ತುಂಬ ಜನ.

ಹಳೇ 32 ಇಂಚಿನ ಟಿವಿಯಲ್ಲಿ ಅಂಚು ಕತ್ತರಿಸಿ ಹೋಗುತ್ತದೆ. ಸ್ಕೋರ್ ಕಾಣುವುದಿಲ್ಲ, ಮ್ಯಾಪ್ ಕಾಣುವುದಿಲ್ಲ. ಟಿವಿ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಹಾಕಿದರೆ ಸರಿ. ಟಿವಿಯಲ್ಲಿ ಗೇಮ್ ಮೋಡ್ ಹಾಕದಿದ್ದರೆ ಬಟನ್ ಒತ್ತಿದ್ದಕ್ಕೂ ಪರದೆ ಮೇಲೆ ಜಿಗಿದದ್ದಕ್ಕೂ ನಡುವೆ ತಡ ಕಾಣುತ್ತದೆ. ಹೊಸಬರು ಅದನ್ನು ಟಿವಿಯ ತಪ್ಪು ಅಂತ ತಿಳಿಯುವುದಿಲ್ಲ, ತಮಗೇ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ಗೇಮ್ ಮೋಡ್ ಹಾಕದೆ ನಾನು ಆ ಮನೆಯಿಂದ ಏಳುವುದಿಲ್ಲ.

ಮುಂದಿನದು ಗೋಡೆಯ ಸ್ವಿಚ್. ಇದರ ಬಗ್ಗೆ ಯಾವ ಗೈಡ್‌ನಲ್ಲೂ ಬರೆದಿರುವುದಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ದೊಡ್ಡ ವಿಷಯ. ರಾತ್ರಿ ಮಲಗುವಾಗ ಅಜ್ಜಿ ಎಲ್ಲ ಸ್ವಿಚ್ ಆಫ್ ಮಾಡುತ್ತಾರೆ. ಪಿಎಸ್5 ರೆಸ್ಟ್ ಮೋಡ್‌ನಲ್ಲಿ (ಪೂರ್ತಿ ಆಫ್ ಆಗದೆ ಮಲಗಿದ ಸ್ಥಿತಿಯಲ್ಲಿ) ಇದ್ದರೆ ಕಿತ್ತಳೆ ದೀಪ ಉರಿಯುತ್ತಿರುತ್ತದೆ. ಅಜ್ಜಿಗೆ ಅದು ಸುಮ್ನೆ ಉರಿಯುವ ದೀಪ. ಆಫ್ ಮಾಡಿದರೆ ಮರುದಿನ ಸರಿಯಾಗಿ ಆಫ್ ಮಾಡಲಿಲ್ಲ ಅಂತ ಎಚ್ಚರಿಕೆ ಬರುತ್ತದೆ, ಸ್ಟೋರೇಜ್ ರಿಪೇರಿ ಮಾಡುತ್ತದೆ. ಮುಲುಂಡ್‌ನ ಒಂದು ಮನೆಯಲ್ಲಿ ಹೀಗೇ ಆಗಿ ಆಗಿ ಕೊನೆಗೆ ಸೇವ್, ಅಂದರೆ ಅಲ್ಲಿಯವರೆಗೆ ಆಡಿದ್ದರ ದಾಖಲೆ, ಹೋಯಿತು. ಹುಡುಗಿ ಎರಡು ತಿಂಗಳು ಆಡಿದ್ದು. ಅಂದಿನಿಂದ ರೆಸ್ಟ್ ಮೋಡ್ ತೆಗೆದೇ ಕೊಡುತ್ತೇನೆ. ಮೆನುವಿನಿಂದ ಟರ್ನ್ ಆಫ್, ದೀಪ ಪೂರ್ತಿ ಆರಿದ ಮೇಲೆ ಗೋಡೆಯ ಸ್ವಿಚ್. ಸ್ವಿಚ್ ಬೋರ್ಡ್ ಮೇಲೆ ಕನ್ನಡದಲ್ಲಿ ಒಂದು ಚಿಕ್ಕ ಸ್ಟಿಕರ್: 'ದೀಪ ಆರಿದ ಮೇಲೆ ಮಾತ್ರ.' ಸ್ಟಿಕರ್ ಅಂಟಿಸಿದ ಮನೆಗಳಿಂದ ಈ ದೂರು ಮತ್ತೆ ಬಂದಿಲ್ಲ.

ಕರೆಂಟ್ ಹೋದರೆ? ಅದಕ್ಕೊಂದು ಪ್ರಯೋಗ ಮಾಡಿದೆ. ಕಂಪ್ಯೂಟರ್‌ಗೆ ಹಾಕುವ 600 ವಿಎ ಯುಪಿಎಸ್, ಹಳೇದು, ಬ್ಯಾಟರಿ ಮಾತ್ರ ಹೊಸದು. ಪ್ಲಗ್ ಮೀಟರ್ ಇಟ್ಟು ನೋಡಿದೆ. ದೊಡ್ಡ ಗೇಮ್ ಆಡುವಾಗ ಪಿಎಸ್5 ಸುಮಾರು 200 ವ್ಯಾಟ್, ಮೆನುವಿನಲ್ಲಿ ಐವತ್ತರ ಆಸುಪಾಸು. ಸೀರೀಸ್ ಎಸ್ ಆಡುವಾಗ ಎಪ್ಪತ್ತು ಎಂಬತ್ತು ಅಷ್ಟೇ. ಪಿಎಸ್5 ಮತ್ತು ಟಿವಿ ಎರಡೂ ಯುಪಿಎಸ್ ಮೇಲೆ ಕೆಲವೇ ನಿಮಿಷ ನಿಂತವು. ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಸೀರೀಸ್ ಎಸ್ ಅದರ ದುಪ್ಪಟ್ಟಿಗಿಂತ ಜಾಸ್ತಿ ಓಡಿತು. ಕರೆಂಟ್ ಪದೇ ಪದೇ ಹೋಗುವ ಕಡೆಯ ಗಿರಾಕಿ ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದರೆ ನಾನು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಇನ್ನೊಂದು ಪ್ರಯೋಗ ಗಾಜಿನ ಶೋಕೇಸ್ ಬಗ್ಗೆ. ದೇವರ ಫೋಟೋ ಕೆಳಗೆ, ಮುಚ್ಚಿದ ಗಾಜಿನ ಹಿಂದೆ ಕನ್ಸೋಲ್ ಇಡಬೇಕು ಅಂತ ಕೆಲವರ ಆಸೆ. ಅಡುಗೆಮನೆಯ ಥರ್ಮಾಮೀಟರ್ ಒಳಗೆ ಇಟ್ಟು ಒಂದು ಗಂಟೆ ಆಡಿಸಿದೆ. ಮೇ ತಿಂಗಳು. ಒಳಗಿನ ಗಾಳಿ ಐವತ್ತು ಡಿಗ್ರಿ ಹತ್ತಿರ ಹೋಯಿತು, ಫ್ಯಾನ್ ಕೂಗಲು ಶುರುವಾಯಿತು. ಗಾಜು ತೆಗೆದರೆ ಶಾಂತ. ಆ ನಂತರ ಗಾಜು ಬಿಚ್ಚಿಸದೆ ಕೆಲಸ ಮುಗಿಸುವುದಿಲ್ಲ. ಸುತ್ತ ಒಂದು ಗೇಣಾದರೂ ಗಾಳಿ ಆಡಬೇಕು. ಪಿಎಸ್5ನ ಒಳಗೆ ಚಿಪ್ ಮೇಲೆ ದ್ರವ ಲೋಹ ಇದೆ, ಧೂಳು ಅಂತ ಪೂರ್ತಿ ಬಿಚ್ಚಲು ಹೋಗಬೇಡಿ. ಪಕ್ಕದ ಪ್ಲೇಟ್ ಸರಿಸಿ ತೆಗೆದು ಫ್ಯಾನ್ ಕಡೆ ವ್ಯಾಕ್ಯೂಮ್ ಹಿಡಿದರೆ ಸಾಕು.

ಸೆಟ್ಟಿಂಗ್‌ನಲ್ಲಿ ಬೇರೆಯವರು ಬಿಡುವ ಕೆಲವನ್ನು ಹೇಳಿಬಿಡುತ್ತೇನೆ. ಪಿಎಸ್5ನ ನಿರ್ಬಂಧದ ಪಾಸ್‌ಕೋಡ್ ಕಂಪನಿಯಿಂದ ಬರುವಾಗ ನಾಲ್ಕು ಸೊನ್ನೆ. ಮಕ್ಕಳಿಗೆ ಇದು ನಮಗಿಂತ ಮೊದಲು ಗೊತ್ತಾಗುತ್ತದೆ. ಬದಲಾಯಿಸಿ. 'ಯೂಸರ್ ಕ್ರಿಯೇಷನ್ ಅಂಡ್ ಗೆಸ್ಟ್ ಲಾಗಿನ್' ಬಂದ್ ಮಾಡಿ, ಇಲ್ಲವಾದರೆ ಇನ್ನೊಂದು ಯೂಸರ್ ತೆರೆದು ಎಲ್ಲ ನಿಯಮ ತಪ್ಪಿಸಿಕೊಳ್ಳುತ್ತಾರೆ. ಆಟದ ಸಮಯ ಮುಗಿದಾಗ ಬರೀ ಸೂಚನೆ ಕೊಡುವುದು ಮೊದಲಿನಿಂದ ಇರುವ ಆಯ್ಕೆ. ಲಾಗೌಟ್ ಮಾಡುವ ಹಾಗೆ ಬದಲಾಯಿಸಬೇಕು. ಮತ್ತೆ ಮೈಕ್. ಕಂಟ್ರೋಲರ್‌ನಲ್ಲೇ ಮೈಕ್ ಇದೆ, ಅದು ತೆರೆದೇ ಇರುತ್ತದೆ. ನಮ್ಮ ಒಂದು ಬಿಎಚ್‌ಕೆ ಮನೆಗಳಲ್ಲಿ ಅಡುಗೆಮನೆಯ ಮಾತು, ಫೋನ್‌ನಲ್ಲಿ ಹೇಳುವ ಬ್ಯಾಂಕ್ ವಿಷಯ ಎಲ್ಲ ಅಪರಿಚಿತರ ಕಿವಿಗೆ ಹೋಗುತ್ತದೆ. ಲಾಗಿನ್ ಆದಾಗಲೇ ಮೈಕ್ ಮ್ಯೂಟ್ ಇರುವ ಹಾಗೆ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾಡಿಡುತ್ತೇನೆ.

ಈ ಕೆಲಸದಲ್ಲಿ ನನಗೆ ತುಂಬ ಸಂತೋಷ ಕೊಟ್ಟದ್ದು ದೊಡ್ಡ ವಯಸ್ಸಿನ ಹೊಸಬರು. ಮಾಟುಂಗಾದಲ್ಲಿ ಬ್ಯಾಂಕ್‌ನಿಂದ ನಿವೃತ್ತರಾದ ಒಬ್ಬರ ಮನೆ. ಮೊಮ್ಮಗಳಿಗೆ ಅಂತ ಕನ್ಸೋಲ್. ಹಿಂದಿನ ದಿನ ನಾನು ಕೂಡಿಸುವಾಗ ಅವರೇ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಪಿಎಸ್5ನಲ್ಲಿ ಆಸ್ಟ್ರೋಸ್ ಪ್ಲೇರೂಮ್ ಮೊದಲೇ ಇರುತ್ತದೆ, ಪುಕ್ಕಟೆ. ಕಂಟ್ರೋಲರ್ ಕೈಗೆ ಕೊಟ್ಟೆ. ಎಡಗೈ ಬೆರಳು ಕಂಟ್ರೋಲರ್‌ನ ಕಡ್ಡಿ (ಸ್ಟಿಕ್) ಒತ್ತಿದ್ದು ಬಿಡುವುದೇ ಇಲ್ಲ, ಬಲಗೈ ಕಡ್ಡಿ ಮುಟ್ಟುವುದೇ ಇಲ್ಲ. ಬೊಂಬೆ ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇತ್ತು. ಹೊಸಬರಿಗೆ ಕಷ್ಟ ಬಟನ್ ಅಲ್ಲ, ಎರಡು ಕಡ್ಡಿಯನ್ನು ಒಟ್ಟಿಗೆ ಹಿಡಿಯುವುದು. ನಡೆಯುವುದು ಒಂದರಲ್ಲಿ, ನೋಡುವುದು ಇನ್ನೊಂದರಲ್ಲಿ. ಸೈಕಲ್ ಕಲಿಯುವಾಗ ಹ್ಯಾಂಡಲ್ ಹಿಡಿದರೆ ಪೆಡಲ್ ಮರೆಯುತ್ತದಲ್ವಾ, ಹಾಗೆ.

ಆಗ ಅಸಿಸ್ಟ್ ಕಂಟ್ರೋಲರ್ ಹಚ್ಚಿ ನೋಡಿದೆ. 2023ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಪಿಎಸ್5ಗೆ ಬಂದ ಸೌಲಭ್ಯ. ಎರಡು ಕಂಟ್ರೋಲರ್ ಸೇರಿ ಒಂದೇ ಆಟಗಾರ. ಎಕ್ಸ್‌ಬಾಕ್ಸ್‌ನಲ್ಲಿ ಇದು ಕೋಪೈಲಟ್ ಅನ್ನುವ ಹೆಸರಿನಲ್ಲಿ ಅದಕ್ಕೂ ಮೊದಲೇ ಬಂದಿತ್ತು. ಅವರು ನಡೆಸಿದರು, ನಾನು ಬರೀ ನೋಟ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಒಂದು ಹಂತ ಮುಗಿಸಿದರು. ಮರುದಿನ ಮೊಮ್ಮಗಳು ಆ ಕೆಲಸ ವಹಿಸಿಕೊಂಡಳು. ಈಗ ಹಿರಿಯರಿರುವ ಮನೆಗೆ ಎರಡನೇ ಕಂಟ್ರೋಲರ್ ತೆಗೆದುಕೊಳ್ಳಿ ಅಂತ ನಾನೇ ಹೇಳುತ್ತೇನೆ. ಅಷ್ಟೇ ದುಡ್ಡಿನ ಇನ್ನೊಂದು ಗೇಮ್‌ಗಿಂತ ಅದು ಮೇಲು. ಕೈ ನೋಯುವವರಿಗೆ ಟ್ರಿಗರ್ ಬಿಗಿತ ಮತ್ತು ವೈಬ್ರೇಷನ್ ಕಡಿಮೆ ಮಾಡುತ್ತೇನೆ. ಕನ್ಸೋಲ್ ಮೆನುವಿನಲ್ಲಿ ಕನ್ನಡ ಇಲ್ಲ. ಆದ್ದರಿಂದ ಒಂದು ಎ4 ಹಾಳೆಯಲ್ಲಿ ಕಂಟ್ರೋಲರ್ ಚಿತ್ರ ಬರೆದು ಯಾವ ಬಟನ್ ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಡುತ್ತೇನೆ. ನನಗೆ ಇಪ್ಪತ್ತು ರೂಪಾಯಿ ಬೀಳುತ್ತದೆ. ಎಷ್ಟೋ ಮನೆಯಲ್ಲಿ ಅದು ಟಿವಿ ಪಕ್ಕ ಇನ್ನೂ ನೇತಾಡುತ್ತಿದೆ.

ದುಡ್ಡಿನ ಲೆಕ್ಕ. ಮೊದಲು 300 ತೆಗೆದುಕೊಳ್ಳುತ್ತಿದ್ದೆ, ಹೋಗಿ ಬರುವ ಲೋಕಲ್, ರಿಕ್ಷಾ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೇಲಿಂದ ಮರುದಿನ ಪುಕ್ಕಟೆ ಫೋನ್ ಕಾಲ್‌ಗಳು. ಈಗ ಹಿಂದಿನ ದಿನದ ಕೆಲಸಕ್ಕೆ 1,200. ಡೊಂಬಿವಲಿ, ಠಾಣೆಯೊಳಗೆ ಅಷ್ಟು. ವಾಶಿ, ಮಾಟುಂಗಾ ಅಂದರೆ 1,500. ಐವತ್ತು ಸಾವಿರದ ಸಾಮಾನು ತಂದವರು ಇದಕ್ಕೆ ಚೌಕಾಸಿ ಮಾಡುವುದು ಕಡಿಮೆ. ಎಸ್‌ಎಸ್‌ಡಿ, ಯುಪಿಎಸ್, ಕೇಬಲ್ ಎಲ್ಲ ಸೇರಿ ನಾನು ಹಾಕಿದ್ದು ಹದಿನೆಂಟು ಸಾವಿರದ ಆಸುಪಾಸು. ಒಂದು ದೀಪಾವಳಿ ಸೀಸನ್‌ನಲ್ಲಿ ವಾಪಸ್ ಬಂತು. ದುಡ್ಡಿಗಿಂತ ನನಗೆ ಹೆಮ್ಮೆ ಏನೆಂದರೆ, ಪಾರ್ಟಿ ಸಂಜೆ ನನಗೆ ಬರುವ ಫೋನ್ ಈಗ ಥ್ಯಾಂಕ್ಸ್ ಹೇಳಲು ಮಾತ್ರ.

ಒಂದು ವಾರ ಬಿಟ್ಟು ಎರಡನೇ ಸಲ ಹೋಗುತ್ತೇನೆ, ಅದಕ್ಕೆ 300. ಇದನ್ನು ಬಿಡಬೇಡಿ. ಆ ಹೊತ್ತಿಗೆ ಅವರಿಗೆ ಏನು ಕೇಳಬೇಕು ಅಂತ ಗೊತ್ತಾಗಿರುತ್ತದೆ. ಬಹಳ ಸಲ ಕೇಳುವುದು ಜಾಗದ ಬಗ್ಗೆ. ಸೀರೀಸ್ ಎಸ್‌ನ 512 ಜಿಬಿಯಲ್ಲಿ ಸಿಗುವುದು 364, ಮೊದಲ ಪಿಎಸ್5ನ 825ರಲ್ಲಿ 667. ಮೂರು ನಾಲ್ಕು ದೊಡ್ಡ ಗೇಮ್‌ಗೆ ಸೀರೀಸ್ ಎಸ್ ತುಂಬಿತು. ಹೊಸಬರಿಗೆ ನಾನು ಮೊದಲೇ ಎಂ.2 ಎಸ್‌ಎಸ್‌ಡಿ (ಪಿಎಸ್5 ಒಳಗೆ ಕೂರಿಸುವ ಹೆಚ್ಚುವರಿ ಸ್ಟೋರೇಜ್) ಕೊಳ್ಳಲು ಹೇಳುವುದಿಲ್ಲ. ಆಡದ ಗೇಮ್ ತೆಗೆಯಿರಿ, ಸೇವ್ ಉಳಿಯುತ್ತದೆ ಅಂತ ತೋರಿಸಿದರೆ ಆರು ತಿಂಗಳು ನಡೆಯುತ್ತದೆ. ಆಮೇಲೂ ಬೇಕಾದರೆ ಪಿಎಸ್5ಗೆ ಜೆನ್4 (ನಾಲ್ಕನೇ ತಲೆಮಾರು), ಸೆಕೆಂಡಿಗೆ 5,500 ಎಂಬಿ ಓದುವ, ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರುವ ಎಂ.2 ಕಡ್ಡಿ. ಹಾಕಲು ಹತ್ತು ನಿಮಿಷ, ಅದಕ್ಕೆ ನಾನು 500 ತೆಗೆದುಕೊಳ್ಳುತ್ತೇನೆ. ಕಡ್ಡಿ ಗಿರಾಕಿಯೇ ತರಬೇಕು, ಬಿಲ್ ಅವರ ಹೆಸರಿನಲ್ಲಿರಬೇಕು.